ಏಳನೇ ಡಿಪೋದ ಇಪ್ಪತ್ತು ನಿಮಿಷ

ಫೋನು ಬಂದಾಗ ಮಗಳು ಈಜುಕೊಳದ ಅಂಚಿನಲ್ಲಿ, ಮೂರನೆಯ ಗೆರೆಯ ತುದಿಗೆ ನಿಂತು ಕೈ ಕೊಡವಿಕೊಳ್ಳುತ್ತಿದ್ದಳು. ನೋಡುವವರ ಸಾಲಿನಲ್ಲಿದ್ದ ಅವಳ ಅಮ್ಮ, ಎಲ್ಲರೂ ಅಕ್ಕ ಎನ್ನುವವಳು, ಮೊದಲ ಸಲ ಫೋನಿನ ಬಾಯಿ ಮುಚ್ಚಿಸಿದಳು, ಎರಡನೆಯ ಸಲವೂ ಮುಚ್ಚಿಸಿದಳು. ಮೂರನೆಯ ಸಲ ಅಮ್ಮನ ಕೈ ಮತ್ತೆ ಚೀಲದೊಳಗೆ ಹೋದದ್ದನ್ನು ಮಗಳೇ ಆಚೆಯಿಂದ ನೋಡಿ, ಹೋಗು ಎನ್ನುವಂತೆ ಗಲ್ಲ ಎತ್ತಿ ಬಾಗಿಲು ತೋರಿಸಿದಳು. ಹದಿಮೂರು ವರ್ಷದ ಹುಡುಗಿಗೆ ಅಷ್ಟು ತಾಳ್ಮೆ ಇರಬಾರದು.

ಹೊರಗೆ ಚಪ್ಪಲಿ ಗೂಡಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ನಿಂತ ಕಾಲಲ್ಲೇ, ಅಕ್ಕ ಅರ್ಧ ಗಂಟೆ ಕೆಲಸ ಮಾಡಿದಳು. ಒಳಗಿನಿಂದ ಸೀಟಿ ಕೇಳಿಸಿತು, ಕೂಗಾಟ ಕೇಳಿಸಿತು, ಆಮೇಲೆ ಚಪ್ಪಾಳೆ. ಅವಳು ಒಳಗೆ ಹೋಗುವಷ್ಟರಲ್ಲಿ ಮಗಳು ಟವೆಲ್ ಹೊದ್ದು ಬೆಂಚಿನ ಮೇಲೆ ಕೂತು, ತಲೆ ವಾಲಿಸಿ ಕಿವಿಯ ನೀರು ತೆಗೆಯುತ್ತಿದ್ದಳು. ಏನಾಯಿತು ಎಂದರೆ ಎರಡನೇದು ಎಂದಳು. ಹೇಗೆ ಈಜಿದೆ ಎಂದರೆ, ಅಪ್ಪ ವಿಡಿಯೊ ಮಾಡಿದ್ದಾರೆ, ನೋಡು ಎಂದಳು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಮಗಳು ಎದುರಾಳಿ ಹುಡುಗಿ ಹೇಗೆ ತಿರುವಿನಲ್ಲಿ ಗೋಡೆ ಒದ್ದು ಮುಂದೆ ಹೋದಳೆಂದು ಹೇಳತೊಡಗಿದಳು. ಹಿಂದಿನ ಸೀಟಿನಲ್ಲಿ ಯಾರದೋ ಫೋನು ಹೊಡೆದುಕೊಂಡಿತು. ಮಗಳು ಮಾತಿನ ನಡುವೆಯೇ ನಿಂತು ಕಿಟಕಿಯ ಕಡೆ ತಿರುಗಿದಳು. ಅದು ನನ್ನದಲ್ಲ, ಹೇಳು ಎಂದು ಅಕ್ಕ ಅಂದಳು. ಮಗಳು ಮುಂದುವರಿಸಿದಳು ನಿಜ, ಆದರೆ ಎರಡೇ ಮಾತಿನಲ್ಲಿ ಮುಗಿಸಿಬಿಟ್ಟಳು.

ಅಕ್ಕ ಎಂದರೆ ಆಫೀಸಿನವರಿಗೆಲ್ಲ ಅಕ್ಕ. ಅವಳಿಗಿಂತ ಐದು ವರ್ಷ ದೊಡ್ಡವರಾದ ಮ್ಯಾನೇಜರೂ ಹಾಗೇ ಕರೆಯುತ್ತಿದ್ದರು. ಅವರ ತಂಡ ಬಸ್ ಸಂಸ್ಥೆಗೆ ಬೇಕಾದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು. ನಾಳೆ ಯಾವ ಡ್ರೈವರ್ ಯಾವ ಡಿಪೋದಿಂದ ಎಷ್ಟು ಗಂಟೆಗೆ ಬಸ್ಸು ತೆಗೆಯಬೇಕು, ಎರಡು ಓಟದ ನಡುವೆ ಎಷ್ಟು ಹೊತ್ತು ಕೂರಬೇಕು ಎಂಬ ಡ್ಯೂಟಿ ಪಟ್ಟಿ ದಿನಾ ಸಂಜೆ ನಾಲ್ಕಕ್ಕೆ ಅದರಿಂದ ಹೊರಬೀಳಬೇಕು. ಅದರಲ್ಲಿ ಡ್ರೈವರುಗಳ ವಿಶ್ರಾಂತಿಯನ್ನು ಲೆಕ್ಕ ಹಾಕುವ ಭಾಗ ಅಕ್ಕನದು. ಹದಿನಾಲ್ಕು ವರ್ಷದ ಹಿಂದೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಬ್ಬಳೇ ಕೂತು ಬರೆದದ್ದು. ತಂಡದಲ್ಲಿ ಅದಕ್ಕೆ ಅಕ್ಕನ ಮನೆ ಎಂದೇ ಹೆಸರಾಗಿತ್ತು. ಉಳಿದ ಕಡೆ ಯಾರು ಬೇಕಾದರೂ ನುಗ್ಗಬಹುದು, ಅಕ್ಕನ ಮನೆಗೆ ಮಾತ್ರ ಬಾಗಿಲು ತಟ್ಟಿ ಹೋಗಬೇಕು.

ತಟ್ಟದೆ ಹೋದವರು ಅಲ್ಲೇ ದಿಕ್ಕು ತಪ್ಪಿದ್ದೂ ಉಂಟು. ಬರೆಯುವ ಕಾಲಕ್ಕೆ ಅಕ್ಕ ಹೊಸದಾಗಿ ಮದುವೆಯಾದವಳು, ಉತ್ಸಾಹ ಹೆಚ್ಚು, ಹೇಳುವವರು ಕೇಳುವವರು ಇರಲಿಲ್ಲ. ಕಾಯುವ ಸಮಯವನ್ನು ಕೂಡಿಸುತ್ತ ಹೋಗುವ ಲೆಕ್ಕಕ್ಕೆ ಅವಳು ಇಟ್ಟ ಹೆಸರು 'ಅತ್ತೆ', ಏಕೆಂದರೆ ಅದು ಯಾವಾಗಲೂ ಏರುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಸುಮ್ಮನೆ ಒಂದು ಕಡೆ ಕೂತು, ಯಾರು ಏನು ಕೊಟ್ಟರೂ ಇಟ್ಟುಕೊಳ್ಳುವುದು 'ಮಾವ'. ಸಣ್ಣಪುಟ್ಟ ತಪ್ಪು ಹಿಡಿದು ಗದ್ದಲ ಮಾಡುವ ಭಾಗ 'ನಾದಿನಿ'. ಆಗ ಅವಳಿಗೆ ಇದೆಲ್ಲ ಭಾರಿ ತಮಾಷೆಯಾಗಿ ಕಂಡಿತ್ತು. ಅತ್ತೆಯವರು ತೀರಿಕೊಂಡು ಎಂಟು ವರ್ಷವಾದರೂ ಅವಳ ಸಾಫ್ಟ್‌ವೇರ್ ಕೋಡಿನಲ್ಲಿ ದಿನಾ ಏರುತ್ತಲೇ ಇದ್ದರು.

ಮೊದಮೊದಲು ಅಕ್ಕನಿಗೆ ಇದೊಂದು ಗತ್ತು. ಎಲ್ಲರೂ ತನ್ನ ಮೇಜಿಗೆ ಬರುತ್ತಾರೆ, ತಾನು ಬೆರಳಿಟ್ಟು ತೋರಿಸಿದರೇ ಪಟ್ಟಿ ಹೊರಡುತ್ತದೆ. ಆ ಗತ್ತು ಯಾವಾಗ ಕುತ್ತಿಗೆಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಆರು ವರ್ಷದಿಂದ ಮೂರು ದಿನಕ್ಕೆ ಮೀರಿದ ರಜೆ ಸಿಕ್ಕಿರಲಿಲ್ಲ. ಹಲ್ಲು ಕೀಳಿಸಿಕೊಳ್ಳುವ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಫೋನಿಗೆ ಉತ್ತರ ಟೈಪು ಮಾಡಿದ್ದಳು. ಗಂಡನಿಗೆ ಬಂದರು ಪಟ್ಟಣದಲ್ಲಿ ಕ್ರೇನ್ ನಡೆಸುವುದನ್ನು ಕಲಿಸುವ ಕೆಲಸ, ರೈಲಿನಲ್ಲಿ ನಾಲ್ಕೂವರೆ ಗಂಟೆಯ ದೂರ. ಅಲ್ಲಿ ಅವಳ ಕಂಪನಿಯ ಶಾಖೆಯೂ ಇತ್ತು. ಅವಳು ವರ್ಗ ಕೇಳಿದ್ದು ಮೂರು ಸಲ. ಕಳೆದ ವರ್ಷ ಮಗಳು, ನಾನು ಅಪ್ಪನ ಹತ್ತಿರ ಇರ್ತೀನಿ ಎಂದು ತನ್ನ ಬಟ್ಟೆ ತಾನೇ ಮಡಿಸಿಕೊಂಡು ಹೊರಟಳು. ಜಗಳವಾಡಿ ಹೋಗಲಿಲ್ಲ. ಅಲ್ಲಿ ಈಜುಕೊಳ ಹತ್ತಿರ ಎಂದಳು.

ಈಜಿನ ಸ್ಪರ್ಧೆಯ ಮಾರನೆಯ ದಿನ, ಬಂದರು ಪಟ್ಟಣದಿಂದ ರಾತ್ರಿ ರೈಲಿನಲ್ಲಿ ಮರಳಿದ ಅಕ್ಕ ನೇರವಾಗಿ ಮ್ಯಾನೇಜರ ಮುಂದೆ ಹೋಗಿ ಕೂತಳು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು.

"ನಂಗೇನು ನಿಮ್ಮನ್ನ ಹಿಡಿದಿಟ್ಟುಕೊಳ್ಳೋ ಆಸೆ ಇಲ್ಲ ಅಕ್ಕ," ಎಂದರು. "ನಿಮ್ಮನ್ನ ಕೇಳದೆ ಮೂರು ಜನ ಆ ಭಾಗದಲ್ಲಿ ಕೈಯಾಡಿಸೋ ಹಾಗಾಗಲಿ. ಅವತ್ತೇ ನಿಮ್ಮ ವರ್ಗಕ್ಕೆ ಸಹಿ ಹಾಕ್ತೀನಿ."

ಹಾಗೆ ಆಗುವುದಕ್ಕೆ ಅಡ್ಡ ನಿಂತವರು ಯಾರೆಂದು ಅವರು ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ.

ತಂಡದಲ್ಲಿ ಒಂದೂವರೆ ವರ್ಷದಿಂದ ಹೊಸ ಪದ್ಧತಿ ನಡೆದಿತ್ತು. ಅದನ್ನು ತಂದವರು ಮೇಷ್ಟ್ರು. ಅವರು ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಮೂವತ್ತೈದನೆಯ ವಯಸ್ಸಿನಲ್ಲಿ ಈ ಕಸುಬಿಗೆ ಬಂದರೂ ಅಕ್ಷರ ತಿದ್ದುವ ಚಪಲ ಬಿಟ್ಟಿರಲಿಲ್ಲ. ಕೋಡು ಎಲ್ಲರದು, ಯಾರು ಬರೆದರೂ ಒಂದೇ ಕೈ ಬರೆದ ಹಾಗಿರಬೇಕು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಒಳಗೆ ಸೇರಬೇಕು ಎಂದು ಅವರು ಹದಿನಾರು ನಿಯಮ ಬರೆದು ಗೋಡೆಗೆ ಅಂಟಿಸಿದ್ದರು. ಒಂಬತ್ತನೆಯದು ವಿನಾಯಿತಿಯ ಬಗ್ಗೆ. ಎಲ್ಲರಿಗೂ ಒಂದು ಲೆಕ್ಕ, ಯಾವುದೋ ಒಂದಕ್ಕೆ ಮಾತ್ರ ಬೇರೆ ಎಂದು ಬರೆಯಬೇಕಾದರೆ ಪಕ್ಕದಲ್ಲೇ ಕಾರಣ ಬರೆಯಬೇಕು. ಕೇಳಿದಾಗ ಉತ್ತರ ಕೊಡಬಲ್ಲ ಒಬ್ಬರ ಹೆಸರನ್ನೂ ಬರೆಯಬೇಕು. ಆ ಹೆಸರಿನವರು ತಂಡ ಬಿಟ್ಟರೆ ವಿನಾಯಿತಿಯೂ ಹೋಗುತ್ತದೆ. ಎಲ್ಲರದೂ ಎಂದ ಮೇಲೆ ಒಬ್ಬರ ಹೆಸರು ಯಾಕೆ ಎಂದು ಯಾರೋ ತಗಾದೆ ತೆಗೆದಾಗ ಮೇಷ್ಟ್ರು ಪೆನ್ನಿನಿಂದ ಮೇಜು ಕುಟ್ಟಿದ್ದರು. "ಕೋಡು ಎಲ್ಲರದು. ವಿನಾಯಿತಿ ಒಬ್ಬರದು. ಇಲ್ಲದಿದ್ರೆ ಪ್ರತಿಯೊಬ್ಬರೂ ಒಂದೊಂದು ಸೇರಿಸಿ ಕೈ ತೊಳ್ಕೋತಾರೆ."

ಅಕ್ಕನ ಮನೆಯನ್ನು ಈ ನಿಯಮಕ್ಕೆ ತರುವ ಕೆಲಸ ಹೊತ್ತವಳು ಗುಬ್ಬಿ. ಮೈಕಟ್ಟಿನಿಂದ ಬಂದ ಹೆಸರು. ಕೆಲಸದಲ್ಲಿ ಹದ್ದು. ಮೂವತ್ತೆರಡು ವರ್ಷ, ಮೂರು ವರ್ಷದ ಒಬ್ಬ ಮಗ. ಅವನನ್ನು ಪಕ್ಕದ ರಸ್ತೆಯ ಶಿಶುವಿಹಾರದಲ್ಲಿ ಬಿಟ್ಟು ಬರುತ್ತಿದ್ದಳು, ಸಂಜೆ ಐದು ಹೊಡೆದರೆ ಅವಳ ಕುರ್ಚಿ ಖಾಲಿ. ಅವನು ಬೆಳಿಗ್ಗೆ ಆಡಿದ ಒಂದು ಮಾತನ್ನು ಎಲ್ಲರಿಗೂ ಹೇಳದೆ ಕಂಪ್ಯೂಟರ್ ತೆರೆಯುತ್ತಿರಲಿಲ್ಲ. ಗುಬ್ಬಿ ಅಕ್ಕನ ಭಾಗವನ್ನು ಹಿಂದೆ ಎರಡು ಸಲ ತಿದ್ದಿ ಬರೆದಿದ್ದಳು, ಎರಡು ಸಲವೂ ಓದಿ ಒಪ್ಪಬೇಕಾದವಳು ಅಕ್ಕ. ಮೊದಲ ಸಲ ಅಕ್ಕ ಮೂವತ್ತನಾಲ್ಕು ಆಕ್ಷೇಪ ಬರೆದಳು, ಎರಡನೆಯ ಸಲ ಹತ್ತೊಂಬತ್ತು. ಒಂದು ಕಡೆ ಹೆಸರು ಉದ್ದವಾಯಿತು ಎಂದು, ಇನ್ನೊಂದು ಕಡೆ ಗಿಡ್ಡವಾಯಿತು ಎಂದು. ನಾದಿನಿಯ ಕೆಲಸವನ್ನು ಸ್ವತಃ ತಾನೇ ಮಾಡಿದ್ದಳು.

ಮೂರನೆಯ ಸಲ ಗುಬ್ಬಿಯ ಬರಹ ಬಂದಾಗ ಅಕ್ಕ ಚಪ್ಪಲಿ ಗೂಡನ್ನು ನೆನೆಸಿಕೊಂಡು ಓದಿದಳು. ಸಾವಿರದ ನೂರು ಸಾಲು ಮುನ್ನೂರಕ್ಕೆ ಇಳಿದಿತ್ತು. ಅತ್ತೆ ಹೋಗಿ 'ಕಾದ ಸಮಯ' ಆಗಿದ್ದರು, ಮಾವ 'ಉಳಿಕೆ'. ತಾನು ಇಷ್ಟು ವರ್ಷ ಬಾಳಿದ ಮನೆಗೆ ಬೇರೆಯವರು ಸುಣ್ಣ ಬಳಿದು ಸಾಮಾನೆಲ್ಲ ಸಾಲಾಗಿ ಜೋಡಿಸಿಟ್ಟ ಹಾಗಿತ್ತು. ಚೆನ್ನಾಗಿತ್ತು ಎಂಬುದೇ ಸಂಕಟ. ಅವಳು ಕೊನೆಯ ಸಾಲಿನವರೆಗೆ ಓದಿ, ಒಂದೂ ಆಕ್ಷೇಪ ಬರೆಯದೆ ಒಪ್ಪಿಗೆಯ ಗುಂಡಿ ಒತ್ತಿದಳು. ಎದುರು ಸಾಲಿನಲ್ಲಿ ಗುಬ್ಬಿ ತಲೆ ಎತ್ತಿ, ಪರದೆಯನ್ನೊಮ್ಮೆ ಅಕ್ಕನನ್ನೊಮ್ಮೆ ನೋಡಿದಳು. ಮೈ ಹುಷಾರಿಲ್ವಾ ಎಂದು ಕೇಳಿದಳು.

ಎರಡು ವಾರ ಅಕ್ಕನನ್ನು ಕೇಳದೆಯೇ ಪಟ್ಟಿ ಹೊರಟಿತು. ಮೂರು ಜನ ಕೈಯಾಡಿಸಿದರು. ಮ್ಯಾನೇಜರು ಕೊಟ್ಟ ಮಾತಿಗೆ ತಪ್ಪದೆ ಕಾಗದ ಕಳಿಸಿದರು, ಬರುವ ಒಂದನೇ ತಾರೀಕಿನಿಂದ ಬಂದರು ಪಟ್ಟಣದ ಶಾಖೆ. ಗಂಡ ಕಪಾಟಿನಲ್ಲಿ ಎರಡು ಅರೆ ಖಾಲಿ ಮಾಡಿದ್ದೇನೆ ಎಂದು ಹೇಳಿದ. ಮಗಳು ಒಂದು ಫೋಟೊ ಕಳಿಸಿದಳು. ಅವಳ ಓದುವ ಮೇಜು. ಪುಸ್ತಕಗಳನ್ನೆಲ್ಲ ಎಡಕ್ಕೆ ಸರಿಸಿ ಬಲಗಡೆಯ ಅರ್ಧ ಖಾಲಿ ಬಿಟ್ಟಿದ್ದಳು, ಅಲ್ಲಿ ಇನ್ನೊಂದು ಕುರ್ಚಿ ಹಾಕಿದ್ದಳು. ಅಕ್ಕ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಉಳಿದದ್ದು ಒಂದೇ ಸಾಲು. ಎಲ್ಲ ಡಿಪೋಗಳಿಗೂ ಎರಡು ಓಟದ ನಡುವೆ ನಲವತ್ತು ನಿಮಿಷ, ಏಳನೇ ಡಿಪೋಗೆ ಮಾತ್ರ ಇಪ್ಪತ್ತು ಹೆಚ್ಚು. ಗುಬ್ಬಿ ಅದನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಕಾರಣಕ್ಕೂ ಹೆಸರಿಗೂ ಜಾಗ ಬಿಟ್ಟಿದ್ದಳು. ಮೇಷ್ಟ್ರು ಅಕ್ಕನ ಮೇಜಿಗೆ ಬಂದು, ಇದೊಂದು ತುಂಬಿಬಿಡಿ, ಯಾರು ವಹಿಸಿಕೊಳ್ಳುತ್ತಾರೋ ಅವರ ಹೆಸರು ಹಾಕಿ ಎಂದರು. ಅಕ್ಕನಿಗೆ ಕಾರಣ ಚೆನ್ನಾಗಿ ಗೊತ್ತಿತ್ತು. ಏಳನೇ ಡಿಪೋದ ಗೇಟೂ ವಿಶ್ರಾಂತಿ ಕೋಣೆಯೂ ರೈಲು ಹಳಿಯ ಒಂದು ಕಡೆ, ಬಸ್ಸು ನಿಲ್ಲುವ ಅಂಗಳ ಇನ್ನೊಂದು ಕಡೆ. ನಡುವೆ ಕಬ್ಬಿಣದ ಕಾಲುಸೇತುವೆ. ವಿಶ್ರಾಂತಿ ಕೋಣೆಯಿಂದ ಬಸ್ಸಿಗೆ ಹೋಗಬೇಕಾದರೆ ಅದನ್ನು ಹತ್ತಿ ಇಳಿಯಬೇಕು. ಹದಿನಾಲ್ಕು ವರ್ಷದ ಹಿಂದೆ ಅಕ್ಕ ಖುದ್ದು ಹೋಗಿ, ಮೊಣಕಾಲು ನೋವಿನ ಒಬ್ಬ ಡ್ರೈವರ್ ಜೊತೆ ಗಡಿಯಾರ ಹಿಡಿದು ನಡೆದಿದ್ದಳು. ಅವನಿಗೆ ಮೊಣಕಾಲು, ಅವಳಿಗೆ ಏಳು ತಿಂಗಳು. ಇಬ್ಬರೂ ನಾಲ್ಕು ನಾಲ್ಕು ಮೆಟ್ಟಿಲಿಗೆ ನಿಂತು, ಪರಸ್ಪರ ನೋಡಿ ನಕ್ಕು, ಸೇತುವೆಯ ನೆತ್ತಿಯ ಮೇಲೆ ನಿಂತು, ಕೆಳಗೆ ಒಂದು ಗೂಡ್ಸ್ ರೈಲು ಪೂರ್ತಿ ಹೋಗುವವರೆಗೆ ಸುಧಾರಿಸಿಕೊಂಡಿದ್ದರು. ಒಳಗಿನಿಂದ ಮಗಳು ಒದ್ದಿದ್ದಳು. ಕೆಳಗಿಳಿದಾಗ ಇಪ್ಪತ್ತು ನಿಮಿಷವಾಗಿತ್ತು, ಆಫೀಸಿಗೆ ಬಂದು ಇಪ್ಪತ್ತು ಎಂದು ಬರೆದಿದ್ದಳು. ಗಟ್ಟಿಮುಟ್ಟಾದವನಿಗೆ ಎಂಟು ನಿಮಿಷ ಸಾಕಾಗುತ್ತಿತ್ತೇನೋ. ಆಗ ಅದು ಹೊಳೆಯಲೇ ಇಲ್ಲ.

ಕಾರಣವನ್ನು ಅಲ್ಲೇ ಕೂತು ಬರೆದುಬಿಡಬಹುದಿತ್ತು. ಆದರೆ ಮೇಷ್ಟ್ರ ಸಹವಾಸ ಎಂಥವರನ್ನೂ ಕೆಡಿಸುತ್ತದೆ. ಒಮ್ಮೆ ನೋಡಿಯೇ ಬರೆಯೋಣ ಎಂದು ಗುರುವಾರ ಅರ್ಧ ದಿನ ರಜೆ ಹಾಕಿ ಏಳನೇ ಡಿಪೋಗೆ ಹೋದಳು.

ಬಸ್ಸು ಅವಳನ್ನು ನೇರವಾಗಿ ಅಂಗಳದ ಮುಂದೆಯೇ ಇಳಿಸಿತು. ಅಲ್ಲೊಂದು ನೀಲಿ ಬಣ್ಣದ ಗೇಟು ಇತ್ತು. ಅದರ ಪಕ್ಕದಲ್ಲೇ ಹೊಸ ವಿಶ್ರಾಂತಿ ಕೋಣೆ, ಹತ್ತು ಹೆಜ್ಜೆ ಆಚೆ ಸಾಲಾಗಿ ಬಸ್ಸುಗಳು. ಕಾಲುಸೇತುವೆ ದೂರದಲ್ಲಿ ಕಾಣುತ್ತಿತ್ತು, ಮೆಟ್ಟಿಲಿನ ಬಾಯಿಗೆ ತಗಡು ಬಡಿದಿದ್ದರು, ತಗಡಿನ ಮೇಲೆ ಬಳ್ಳಿ ಹಬ್ಬಿತ್ತು. ಅಕ್ಕ ಎರಡು ಸಲ ಕಣ್ಣುಜ್ಜಿ ನೋಡಿದಳು. ಯಾರೂ ಹತ್ತದ ಸೇತುವೆಗೋಸ್ಕರ ಅವಳು ಎಷ್ಟು ಜನರ ಹತ್ತಿರ ವಾದ ಮಾಡಿ ಆ ಸಾಲನ್ನು ಉಳಿಸಿಕೊಂಡಿದ್ದಳೋ.

ಕೋಣೆಯಲ್ಲಿ ಏಳೆಂಟು ಜನ ಡ್ರೈವರುಗಳಿದ್ದರು. ಇಬ್ಬರು ಚದುರಂಗ ಆಡುತ್ತಿದ್ದರು, ಕಳೆದುಹೋದ ಒಂದು ಆನೆಯ ಜಾಗದಲ್ಲಿ ಬಾಟಲಿಯ ಮುಚ್ಚಳ ನಿಂತಿತ್ತು. ಒಬ್ಬ ಮುಖದ ಮೇಲೆ ಟವೆಲ್ ಹಾಕಿಕೊಂಡು ಬೆಂಚಿನ ಮೇಲೆ ಮಲಗಿದ್ದ, ಟವೆಲ್ ಉಸಿರಿನ ಲಯಕ್ಕೆ ಏರಿಳಿಯುತ್ತಿತ್ತು. ಕಿಟಕಿಯ ಹತ್ತಿರ ಸಮವಸ್ತ್ರದ ಒಬ್ಬ ಹೆಂಗಸು ಫೋನು ಕಿವಿಗಿಟ್ಟುಕೊಂಡು, ತಾನು ಮಾತಾಡದೆ ಕೇಳುತ್ತಿದ್ದಳು. ನಡುವೆ ಒಮ್ಮೆ, ಆ ಸಾಲು ಮತ್ತೆ ಓದು, ಅವಸರ ಮಾಡಬೇಡ ಎಂದಳು. ಆಮೇಲೆ ಮತ್ತೆ ಕಣ್ಣು ಮುಚ್ಚಿ ಕೇಳಿದಳು.

ಡಿಪೋದ ಕಂಟ್ರೋಲರ್ ಬಂದು ಯಾರು ಬೇಕಿತ್ತು ಎಂದು ಕೇಳಿದರು. ತಲೆ ನರೆತ ಮನುಷ್ಯ, ಅಂಗಿಯ ಜೇಬಿನಲ್ಲಿ ಮೂರು ಪೆನ್ನು. ಪಟ್ಟಿ ಮಾಡುವ ಆಫೀಸಿನವಳು ಎಂದು ಅಕ್ಕ ಹೇಳಿದ್ದೇ ತಡ, ಅವರ ಮುಖ ಇಳಿದುಹೋಯಿತು. ಅವಳನ್ನು ಹೊರಗೆ, ಬಸ್ಸಿನ ನೆರಳಿಗೆ ಕರೆದುಕೊಂಡು ಹೋದರು. ಗೇಟು ಬದಲಾಗಿ ನಾಲ್ಕು ವರ್ಷವಾಯಿತಂತೆ. ಸೇತುವೆ ಮುಚ್ಚಿದ ದಿನದಿಂದ ಇವತ್ತು ಹೋಗುತ್ತದೆ, ನಾಳೆ ಹೋಗುತ್ತದೆ ಎಂದು ಆ ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಕಾದರಂತೆ. ಹೋಗಲಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಬೇರೆ ಡಿಪೋದಲ್ಲಿ ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಸ್ಟಿಯರಿಂಗ್ ಹಿಡಿಯಬೇಕು. ಇಲ್ಲಿ ಊಟವಾದ ಮೇಲೂ ಮನುಷ್ಯರ ಹಾಗೆ ಒಂದಿಷ್ಟು ಹೊತ್ತು ಕೂರಬಹುದು. ಕಿಟಕಿಯ ಹತ್ತಿರದ ಹೆಂಗಸಿನ ಮಗ ಶಾಲೆಯಿಂದ ಬಂದು ದಿನಾ ಈ ಹೊತ್ತಿಗೇ ಪಾಠ ಓದಿ ಒಪ್ಪಿಸುತ್ತಾನೆ, ಅವಳು ಮನೆ ಮುಟ್ಟುವ ಹೊತ್ತಿಗೆ ಮಲಗಿರುತ್ತಾನೆ.

"ನೀವು ಅಳೆಯೋಕೆ ಬಂದವರಾ?" ಎಂದು ಕೊನೆಗೆ ಕೇಳಿದರು.

ಹೌದು ಎಂದಳು ಅಕ್ಕ.

ಕಂಟ್ರೋಲರ್ ಗೇಟಿನ ಕಡೆ ನೋಡಿದರು, ಬಸ್ಸಿನ ಕಡೆ ನೋಡಿದರು. "ಹಾಗಾದ್ರೆ ನಿಧಾನವಾಗಿ ನಡೀರಿ ಅಮ್ಮ," ಎಂದರು.

ಅದರಲ್ಲಿ ತಮಾಷೆ ಇತ್ತೋ ಬೇಡಿಕೆ ಇತ್ತೋ ಅವಳಿಗೆ ತಿಳಿಯಲಿಲ್ಲ. ಗೇಟಿನಿಂದ ಬಸ್ಸಿಗೆ ನಡೆದಳು. ಎಷ್ಟು ಕಾಲೆಳೆದರೂ ಒಂದು ನಿಮಿಷಕ್ಕೆ ಮೀರಲಿಲ್ಲ.

ವಾಪಸು ಬರುವಾಗ ಅಕ್ಕ ಎಲ್ಲ ದಾರಿಗಳನ್ನೂ ಒಂದೊಂದಾಗಿ ತಟ್ಟಿ ನೋಡಿದಳು. ನಿಜ ಬರೆದರೆ ಆ ಸಾಲು ಅಂದೇ ಹೋಗುತ್ತದೆ. ಎಲ್ಲ ಡಿಪೋಗೂ ಇಪ್ಪತ್ತು ನಿಮಿಷ ಹೆಚ್ಚು ಕೊಡಿ ಎಂದು ಬಸ್ ಸಂಸ್ಥೆಯವರಿಗೆ ಬರೆದರೆ, ಅವರು ನಕ್ಕು ಏಳನೇದನ್ನೂ ಕಿತ್ತುಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ನಲವತ್ತನ್ನು ಮೂವತ್ತೈದು ಮಾಡಲು ಬರುತ್ತದೆಯೇ ಎಂದು ಕೇಳಿದ ಜನ ಅವರು. ಸೇತುವೆ ದಾಟಬೇಕು ಎಂದು ಸುಳ್ಳು ಬರೆದರೂ ಕೆಳಗೆ ಒಂದು ಹೆಸರು ಬೇಕು, ಆ ಹೆಸರು ತಂಡದಲ್ಲಿ ಇರಬೇಕು. ಅವಳ ಹೆಸರು ಅಲ್ಲಿ ಉಳಿಯಬೇಕಾದರೆ ಅವಳೂ ಇಲ್ಲೇ ಉಳಿಯಬೇಕು. ಹದಿನಾಲ್ಕು ವರ್ಷ ಒಂದು ಮನೆಯೊಳಗೆ ಸಿಕ್ಕಿಬಿದ್ದವಳು ಈಗ ಒಂದೇ ಸಾಲಿಗೆ ಸಿಕ್ಕಿಬಿದ್ದಿದ್ದಳು. ಆ ಕಿಟಕಿಯ ಹೆಂಗಸನ್ನು ನೋಡದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಶುಕ್ರವಾರ ಕಾರಣದ ಜಾಗ ಖಾಲಿಯೇ ಇತ್ತು. ಮೇಷ್ಟ್ರು ಎರಡು ಸಲ ನೆನಪಿಸಿದರು. ಮಧ್ಯಾಹ್ನ ಮಗಳು ಫೋನು ಮಾಡಿ, ಕುರ್ಚಿಗೆ ದಿಂಬು ಹಾಕಲಾ, ಹಾಗೇ ಸಾಕಾ ಎಂದು ಕೇಳಿದಳು. ಹಾಗೇ ಸಾಕು ಎಂದಳು ಅಕ್ಕ.

ನೀರು ಹಿಡಿಯುವ ಜಾಗದಲ್ಲಿ ಗುಬ್ಬಿ ಅವಳನ್ನು ಹಿಡಿದು ನಿಲ್ಲಿಸಿ, ಏನಾಯಿತು ಎಂದು ಕೇಳಿದಳು. ಅಕ್ಕ ಹೇಳಬಾರದು ಎಂದೇ ಶುರುಮಾಡಿ ಎಲ್ಲವನ್ನೂ ಹೇಳಿದಳು. ನೀಲಿ ಗೇಟು, ಬಳ್ಳಿ ಹಬ್ಬಿದ ತಗಡು, ಮುಚ್ಚಳದ ಆನೆ, ಮತ್ತೆ ಓದು ಎಂದ ಹೆಂಗಸು. ಗುಬ್ಬಿಯ ಲೋಟ ತುಂಬಿ ನೀರು ಕೈಮೇಲೆ ಹರಿಯಿತು. ಅವಳು ನಲ್ಲಿ ನಿಲ್ಲಿಸಿದಳು, ಕೈಯನ್ನು ಬಟ್ಟೆಗೆ ಒರೆಸಿಕೊಂಡು ತನ್ನ ಮೇಜಿಗೆ ಹೋದಳು.

ಸೋಮವಾರ ಬೆಳಿಗ್ಗೆ ಆ ಜಾಗ ತುಂಬಿತ್ತು. ಕಾರಣ: ಸ್ಥಳಕ್ಕೆ ಹೋಗಿ ನೋಡಲಾಗಿದೆ, ಬೇಕಾಗಿದೆ. ಅದರ ಕೆಳಗೆ ಗುಬ್ಬಿಯ ಹೆಸರು. ಅಷ್ಟೇ ಅಲ್ಲ, ಆ ಸಾಲು ಇರುವ ಇಡೀ ಭಾಗದಲ್ಲಿ ಯಾರು ಏನು ಬದಲಿಸಿದರೂ ಅವಳು ನೋಡಿ ಹೂಂ ಎನ್ನುವ ತನಕ ಒಳಗೆ ಸೇರದಂತೆ ಒಂದು ತಡೆಯನ್ನೂ ಹಾಕಿದ್ದಳು. ಅಕ್ಕನಿಗೆ ಆ ತಡೆಯ ಗುರುತು ಸಿಕ್ಕಿತು. ಮೊದಲ ವರ್ಷ ತಾನೂ ಅಂಥದ್ದೇ ಒಂದನ್ನು ಹಾಕಿದ್ದಳು.

ಹತ್ತು ಗಂಟೆಗೆ ಎಲ್ಲರೂ ಕೂತಾಗ ಮೇಷ್ಟ್ರು ಆ ಸಾಲನ್ನು ಪರದೆಯ ಮೇಲೆ ದೊಡ್ಡದು ಮಾಡಿ ಹಾಕಿದರು. ಪೆನ್ನಿನಿಂದ ಮೇಜು ಕುಟ್ಟಿದರು.

"ಯಾರು ಹೋಗಿದ್ದು?"

"ನಾನೇ ಸರ್. ಶನಿವಾರ," ಎಂದಳು ಗುಬ್ಬಿ.

"ಗೇಟಿನಿಂದ ಬಸ್ಸಿಗೆ ಎಷ್ಟು ಹೊತ್ತು ಹಿಡೀತು?"

"ಮಗನನ್ನ ನಡೆಸಿಕೊಂಡು ಹೋದೆ. ಅವನು ದಾರೀಲಿ ಕಂಡ ಕಲ್ಲನ್ನೆಲ್ಲ ಎತ್ತಿ ನೋಡ್ತಾನೆ." ಗುಬ್ಬಿ ಕಣ್ಣು ಮಿಟುಕಿಸಲಿಲ್ಲ. "ಇಪ್ಪತ್ತು ನಿಮಿಷ."

ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಅವರು ಗುಬ್ಬಿಯನ್ನು ಬಹಳ ಹೊತ್ತು ನೋಡಿದರು, ಸುಳ್ಳು ಹೇಳಿದ ಒಳ್ಳೆಯ ವಿದ್ಯಾರ್ಥಿಯನ್ನು ನೋಡುವ ಹಾಗೆ. ಕಾರಣ ಇದೆ, ಹೆಸರಿದೆ, ನಿಯಮದ ಪ್ರಕಾರ ಸರಿ ಎಂದರು. ಯಾರದಾದರೂ ಆಕ್ಷೇಪ ಇದೆಯೇ ಎಂದು ಮ್ಯಾನೇಜರು ಕೇಳಿದರು. ಕೇಳುವಾಗ ಅವರು ನೋಡಿದ್ದು ಅಕ್ಕನ ಕಡೆಗೇ, ಹದಿನಾಲ್ಕು ವರ್ಷದ ಅಭ್ಯಾಸ. ಅಕ್ಕನ ಬಾಯಲ್ಲಿ ಮಾತು ಇತ್ತು. ಗುಬ್ಬಿಯ ಹೆಸರು ಬೇಡ ಎನ್ನಬಹುದಿತ್ತು. ನಿಜ ಹೇಳಬಹುದಿತ್ತು. ತಾನು ಹೋಗುವುದಿಲ್ಲ ಎನ್ನಬಹುದಿತ್ತು. ಮೂವತ್ತನಾಲ್ಕು ಆಕ್ಷೇಪ ಬರೆದ ಕೈ ಅವಳದು. ಅವಳು ಮೇಜಿನ ಮೇಲಿದ್ದ ತನ್ನ ಬೆರಳುಗಳನ್ನು ನೋಡುತ್ತ ಸುಮ್ಮನೆ ಕೂತಳು, ಮ್ಯಾನೇಜರು ಮುಂದಿನ ವಿಷಯಕ್ಕೆ ಹೋದರು.

ಆಮೇಲೆ ಮೆಟ್ಟಿಲಿನ ಹತ್ತಿರ ಗುಬ್ಬಿ ಸಿಕ್ಕಳು. ಚದುರಂಗದಲ್ಲಿ ಡ್ರೈವರುಗಳು ತನ್ನನ್ನು ಹನ್ನೊಂದು ನಡೆಯಲ್ಲಿ ಸೋಲಿಸಿದರೆಂದೂ, ಮಗ ಮುಚ್ಚಳದ ಆನೆಯನ್ನು ಜೇಬಿಗೆ ಹಾಕಿಕೊಂಡು ಬಂದುಬಿಟ್ಟಿದ್ದಾನೆಂದೂ, ಅದನ್ನು ವಾಪಸು ಕೊಡಲು ಇನ್ನೊಮ್ಮೆ ಹೋಗಬೇಕೆಂದೂ ಹೇಳಿದಳು. ಅಕ್ಕ ನಗಲಿಲ್ಲ.

"ಯಾಕೆ ಹಾಗೆ ಮಾಡಿದೆ?" ಎಂದಳು.

"ಒಂದು ಸಾಲು ತಾನೇ ಅಕ್ಕ. ನೀವು ಹೋಗಿ."

ನಂದೂ ಮೊದಲು ಒಂದು ಸಾಲೇ ಆಗಿತ್ತು ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬಂದರು. ಅವರಿಗೆ ದಾರಿ ಬಿಡಲು ಇಬ್ಬರೂ ಗೋಡೆಗೆ ಒರಗಿದರು. ಆ ಮಾತು ಹಾಗೇ ಉಳಿಯಿತು.

ಉಳಿದ ದಿನಗಳು ಬೇಗ ಕಳೆದವು. ಡಿಪೋಗಳವರು ತೊಂದರೆ ಬಂದರೆ ಮಾಡುವ ಫೋನ್ ನಂಬರು ಬದಲಾಗಬೇಕಿತ್ತು. ಮೂವರ ನಂಬರು ಕೊಡಿ, ಸರದಿಯಲ್ಲಿ ನೋಡಿಕೊಳ್ಳಲಿ ಎಂದು ಮೇಷ್ಟ್ರು ಹೇಳಿದ್ದರು, ಹಾಗೇ ಕೊಟ್ಟರು. ಆದರೆ ವಿಶ್ರಾಂತಿಯ ಭಾಗಕ್ಕೆ ಬಂದ ಬದಲಾವಣೆಗಳಿಗೆಲ್ಲ ಗುಬ್ಬಿಯ ಹೂಂ ಬೇಕಾಗಿದ್ದರಿಂದ, ಉಳಿದಿಬ್ಬರು ಎರಡು ದಿನದಲ್ಲೇ, ಗುಬ್ಬೀನೇ ಕೇಳಿಬಿಡಿ ಎನ್ನತೊಡಗಿದರು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಹೇಳಲಿಲ್ಲ. ಅದು ಸುಲಭವಾಗಿತ್ತು, ಅಷ್ಟೆ. ಬುಧವಾರ ಐದೂ ಕಾಲಾದರೂ ಗುಬ್ಬಿಯ ಕುರ್ಚಿ ತುಂಬಿತ್ತು. ಗುರುವಾರ ಶಿಶುವಿಹಾರದ ಆಯಾ ಮಗನನ್ನು ಕರೆದುಕೊಂಡು ಆಫೀಸಿನ ಬಾಗಿಲಿಗೇ ಬಂದಳು.

ಕೊನೆಯ ದಿನ ಅಕ್ಕ ತನ್ನ ಮೇಜಿನ ಸಾಮಾನನ್ನು ಒಂದು ಚೀಲಕ್ಕೆ ತುಂಬಿಕೊಂಡಳು. ತುಂಬಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ, ಒಂದು ಲೋಟ, ಒಂದು ಶಾಲು, ಮಗಳು ಎರಡನೇ ಕ್ಲಾಸಿನಲ್ಲಿ ಮಾಡಿಕೊಟ್ಟ ಪೆನ್ನಿನ ಡಬ್ಬ. ರೈಲು ನಾಲ್ಕು ಗಂಟೆಗೆ. ಮ್ಯಾನೇಜರು ಕೈಮುಗಿದರು. ಮೇಷ್ಟ್ರು ಹದಿನಾರು ನಿಯಮಗಳ ಒಂದು ಪ್ರತಿಯನ್ನು ಸುರುಳಿ ಮಾಡಿ, ದಾರ ಕಟ್ಟಿ ಕೊಟ್ಟರು. ಅಲ್ಲಿಯವರಿಗೂ ಬೇಕಾಗುತ್ತದೆ ಎಂದರು.

ಗುಬ್ಬಿ ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಬೆಳಿಗ್ಗೆಯಿಂದ ಹೇಳಬೇಕೆಂದಿದ್ದೆ, ಇವತ್ತು ಹೊರಡುವಾಗ ಮಗ ಏನಂದ ಗೊತ್ತಾ ಎಂದು ಕಣ್ಣರಳಿಸಿದಳು.

"ಷೂ ಹಾಕ್ತಾ ಇದ್ದೆ ಅಕ್ಕ. ಅವನು ನನ್ನ ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ತಿರುಗಿಸಿಕೊಂಡು ಹೇಳ್ತಾನೆ, ಅಮ್ಮ ನೀನು..."

ಮೇಜಿನ ಮೇಲೆ ಅವಳ ಫೋನು ಹೊಡೆದುಕೊಂಡಿತು. ಗುಬ್ಬಿ ಬಾಯಲ್ಲಿದ್ದ ಮಾತು ನಿಲ್ಲಿಸಿ, ಒಂದು ನಿಮಿಷ ಎನ್ನುವಂತೆ ಬೆರಳೆತ್ತಿ, ಕುರ್ಚಿಯ ತುದಿಯಲ್ಲಿ ಕೂತು ಪರದೆಯ ಕಡೆ ತಿರುಗಿದಳು. ಹಾಂ ಹೇಳಿ, ಯಾವ ಡಿಪೋ ಎಂದಳು.

ಅಕ್ಕ ಚೀಲ ಹಿಡಿದುಕೊಂಡು ನಿಂತಳು. ಗೋಡೆಯ ಗಡಿಯಾರದಲ್ಲಿ ಎರಡೂ ಮುಕ್ಕಾಲು. ಗುಬ್ಬಿಯ ಎತ್ತಿದ ಬೆರಳು ಗಾಳಿಯಲ್ಲಿ ಹಾಗೇ ಇತ್ತು, ಆಮೇಲೆ ಟೈಪು ಮಾಡಲು ಕೆಳಗಿಳಿಯಿತು. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಅಕ್ಕ ಚೀಲವನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಂಡಳು. ಕೊನೆಗೆ ತನ್ನ ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಕೆಳಗೆ ತಳ್ಳಿ, ಆ ಹುಡುಗ ಏನು ಹೇಳಿದನೆಂದು ಕೇಳದೆಯೇ ಬಾಗಿಲ ಕಡೆ ನಡೆದಳು.